ಮಳೆಯೂರಿನಲ್ಲಿ ವಸಂತ ಶುರುವಾಗುವಾಗ: ಎಲ್ಲಿ ಕೂತು ಓದೋಣ, ಯಾವುದರಲ್ಲಿ ಓದೋಣ?

ಚಳಿ ಇನ್ನೂ ಪೂರ್ತಿ ಹೋಗಿಲ್ಲ. ಮಳೆಯಂತೂ ಬಿಡುವ ಲಕ್ಷಣವೇ ಇಲ್ಲ. ಆದರೂ ಸಂಜೆ ಐದಕ್ಕೆ ಕಿಟಕಿಯಾಚೆ ನೋಡಿದರೆ ಬೆಳಕಿದೆ. ಬೋಳು ಕೊಂಬೆಗಳ ತುದಿಯಲ್ಲಿ ಮೊಗ್ಗು ಊದಿಕೊಂಡಿದೆ. ಮಳೆ ಜಾಸ್ತಿ ಬೀಳುವ ತಂಪು ಊರುಗಳಲ್ಲಿ ವಸಂತ ಬರುವುದು ಹೀಗೇ, ಸದ್ದಿಲ್ಲದೆ. ವರ್ಷದಲ್ಲಿ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅನ್ನುವುದು ನನ್ನ ನಂಬಿಕೆ. ಹೊರಗೆ ಹೋಗಲೇಬೇಕು ಎಂದು ಕರೆಯುವಷ್ಟು ಬಿಸಿಲಿಲ್ಲ. ಹೊದ್ದು ಮುದುಡಿ ಕೂರುವಷ್ಟು ಚಳಿಯೂ ಇಲ್ಲ.

ಆದರೆ ಎರಡು ಗಂಟೆ ಬಿಡುವು ಸಿಕ್ಕಾಗ ಗೊಂದಲ ಶುರುವಾಗುತ್ತದೆ. ಮನೆಯಲ್ಲೇ ಓದುವುದಾ, ಸ್ವಲ್ಪ ನೆನೆದರೂ ಪರವಾಗಿಲ್ಲ ಎಂದು ಲೈಬ್ರರಿಗೆ ಹೋಗುವುದಾ? ಕೈಯಲ್ಲಿ ಕಾಗದದ ಪುಸ್ತಕ ಇರಬೇಕಾ, ಇ-ರೀಡರ್ ಸಾಕಾ? ಅಥವಾ ಕಿವಿಗೆ ಆಡಿಯೋ ಪುಸ್ತಕ ಹಾಕಿಕೊಂಡು ನಡೆದುಬಿಡುವುದಾ? ಇವೆಲ್ಲವನ್ನೂ ನಾನು ಹಲವು ವಸಂತ ಮಾಡಿ ನೋಡಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಗಲಾಗಿದ್ದು, ಸೋನೆ ಮಳೆ ಇದ್ದರೆ ನಡೆದುಕೊಂಡು ಲೈಬ್ರರಿಗೆ ಹೋಗಿ. ಕಿಟಕಿ ಪಕ್ಕದ ಕುರ್ಚಿ ಹಿಡಿಯಿರಿ. ಕಾಗದದ ಪುಸ್ತಕ ತೆಗೆಯಿರಿ. ಉಳಿದ ದಾರಿಗಳು ಯಾವಾಗ ಇದಕ್ಕಿಂತ ಮೇಲು ಅನ್ನುವುದನ್ನು ಕೆಳಗೆ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೆಳಕು ನೋಡಿ

ಓದುವ ಜಾಗ ಆರಿಸುವಾಗ ನಾವು ಕುರ್ಚಿ ನೋಡುತ್ತೇವೆ, ಸದ್ದು ನೋಡುತ್ತೇವೆ. ಬೆಳಕಿನ ನೆನಪಾಗುವುದು ಕಣ್ಣು ನೋಯಲು ಶುರುವಾದ ಮೇಲೆ. ಮೋಡದ ಕಾಲದಲ್ಲಿ ಅದನ್ನೇ ಮೊದಲು ನೋಡಬೇಕು.

ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ನಡು ಮಧ್ಯಾಹ್ನದ ನೇರ ಬಿಸಿಲಲ್ಲಿ ಅದು 1,00,000 ಲಕ್ಸ್ ಹತ್ತಿರ ಹೋಗುತ್ತದೆ. ದಟ್ಟ ಮೋಡದ ದಿನ ಬಯಲಲ್ಲಿ ಕೆಲವು ಸಾವಿರಕ್ಕೆ ಇಳಿಯುತ್ತದೆ. ಆರಾಮಾಗಿ ಓದಲು ಬೇಕಾಗುವುದು 300ರಿಂದ 500 ಲಕ್ಸ್ ಅಷ್ಟೇ. ಅಂದರೆ ಮೋಡ ಕವಿದ ದಿನವೂ ಹೊರಗೆ ಬೇಕಾದಷ್ಟು ಬೆಳಕಿದೆ. ಅದು ಒಳಗೆ ಬರುವುದೇ ಕಷ್ಟ. ಕಿಟಕಿಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದು ನೋಡಿ, ಪುಟ ಎಷ್ಟು ಬೇಗ ಮಂಕಾಗುತ್ತದೆ ಅಂತ ಗೊತ್ತಾಗುತ್ತದೆ. ಕಟ್ಟಡದ ನಕ್ಷೆ ಮಾಡುವವರಲ್ಲಿ ಒಂದು ಅಂದಾಜಿನ ಲೆಕ್ಕವಿದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಹಗಲ ಬೆಳಕು ಕೆಲಸಕ್ಕೆ ಬರುತ್ತದೆ. ಮನೆಯ ಕಿಟಕಿ 2 ಮೀಟರ್ ಎತ್ತರಕ್ಕೆ ಮುಗಿದರೆ ಬೆಳಕು 4–5 ಮೀಟರ್ ಒಳಗೆ ಬರುತ್ತದೆ. ಲೈಬ್ರರಿಯ ಹಾಲ್‌ನಲ್ಲಿ ಕಿಟಕಿ 6 ಮೀಟರ್ ಎತ್ತರಕ್ಕೆ ಹೋಗಿದ್ದರೆ 12–15 ಮೀಟರ್ ಬರುತ್ತದೆ. ಹಳೇ ವಾಚನಾಲಯಗಳಲ್ಲಿ ಕಿಟಕಿಗಳು ಅಷ್ಟೆತ್ತರ ಇರುವುದು ಚಂದಕ್ಕೆ ಮಾತ್ರ ಅಲ್ಲ.

ಇದರ ಹಿಂದೆ ಒಂದು ಕಥೆಯೂ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ದುಂಡು ವಾಚನಾಲಯ 1857ರಲ್ಲಿ ತೆರೆಯಿತು. ಬೆಂಕಿಯ ಭಯಕ್ಕೆ ಅಲ್ಲಿ ದೀಪ ಹಚ್ಚುವ ಹಾಗಿರಲಿಲ್ಲ. ಕತ್ತಲಾದರೆ, ಮಂಜು ಕವಿದರೆ ಓದುಗರು ಎದ್ದು ಹೋಗಬೇಕಿತ್ತು. 1879ರಲ್ಲಿ ವಿದ್ಯುತ್ ದೀಪ ಬಂದ ಮೇಲೇ ಆ ಪಾಡು ತಪ್ಪಿದ್ದು. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಸೇಂಟ್ ಜೆನೆವೀವ್ ಲೈಬ್ರರಿ ಬೇರೆ ದಾರಿ ಹಿಡಿದಿತ್ತು. ವಾಸ್ತುಶಿಲ್ಪಿ ಆನ್ರಿ ಲಾಬ್ರೂಸ್ತ್ ಅಲ್ಲಿ ಕಬ್ಬಿಣದ ಕಮಾನುಗಳ ಹಾಲ್ ಕಟ್ಟಿದ. ಸುತ್ತಲೂ ಎತ್ತರದ ಕಿಟಕಿ ಇಟ್ಟು, ಗ್ಯಾಸ್ ದೀಪವನ್ನೂ ಹಾಕಿಸಿದ. 1851ರಲ್ಲಿ ತೆರೆದ ಆ ಹಾಲ್‌ನಲ್ಲಿ ಸಂಜೆಯೂ ಕೂತು ಓದಬಹುದಿತ್ತು. ಮಳೆ ಮಂಕಿನ ಮಧ್ಯಾಹ್ನ ದೊಡ್ಡ ಕಿಟಕಿಯ ಕೆಳಗೆ, ಒಂದು ಮೇಜುದೀಪದ ಪಕ್ಕ ಕೂತಾಗೆಲ್ಲ ನನಗೆ ಆ ಎದ್ದು ಹೋದ ಓದುಗರ ನೆನಪಾಗುತ್ತದೆ.

ಇನ್ನೊಂದು ಮಾತು. ಹಗಲು ಅತಿ ವೇಗವಾಗಿ ಬೆಳೆಯುವುದು ಈ ದಿನಗಳಲ್ಲೇ. ಹಗಲು-ರಾತ್ರಿ ಸಮವಾಗುವ ಹೊತ್ತಿಗೆ, ಅಂದರೆ ಉತ್ತರಾರ್ಧ ಗೋಳದಲ್ಲಿ ಮಾರ್ಚ್ 20ರ ಆಸುಪಾಸು, 50 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ದಿನಕ್ಕೆ ಸುಮಾರು 4 ನಿಮಿಷ ಹಗಲು ಹೆಚ್ಚುತ್ತದೆ. ವಾರಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ! ಹೋದ ವಾರ ದೀಪ ಬೇಕಾಗಿದ್ದ ಮೂಲೆಗೆ ಈ ವಾರ ಬೇಡ ಅನ್ನಿಸಿದರೆ ಅದು ನಿಮ್ಮ ಭ್ರಮೆಯಲ್ಲ.

ಲೈಬ್ರರಿಯಾ, ಮನೆಯಾ?

ಹಗಲ ಹೊತ್ತಿನಲ್ಲಿ ನನ್ನ ಓಟು ಲೈಬ್ರರಿಗೆ. ಅದಕ್ಕೆ ದೊಡ್ಡ ಕಾರಣ ಪುಸ್ತಕವಲ್ಲ, ಅಲ್ಲಿಗೆ ಹೋಗುವ ದಾರಿ.

ಮನೆಯಲ್ಲೇ ಕೂತರೆ ವಸಂತ ಗಾಜಿನಾಚೆಯ ಚಿತ್ರವಾಗಿ ಉಳಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ನಡೆದರೆ ಅದು ಮೂಗಿಗೆ ಸಿಗುತ್ತದೆ, ಕಿವಿಗೆ ಸಿಗುತ್ತದೆ. ಒಣ ನೆಲಕ್ಕೆ ಹನಿ ಬಿದ್ದಾಗ ಏಳುವ ವಾಸನೆಗೆ 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್. ಆ ವಾಸನೆಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲು ದೊಡ್ಡದು. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಅತಿವೇಗದ ಕ್ಯಾಮೆರಾ ಇಟ್ಟು ಹನಿ ಬೀಳುವುದನ್ನು ನೋಡಿದರು. ಹನಿ ನೆಲಕ್ಕೆ ತಾಕಿದಾಗ ಅದರಡಿ ಗಾಳಿಯ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡು, ಮೇಲೆದ್ದು ಒಡೆದು, ಮಣ್ಣಿನ ಅಂಶವನ್ನು ಗಾಳಿಗೆ ಚಿಮ್ಮಿಸುತ್ತವೆ. ಜೋರು ಮಳೆಗಿಂತ ಹಗುರ ಮಳೆಯಲ್ಲೇ ಇದು ಚೆನ್ನಾಗಿ ಆಗುತ್ತದಂತೆ. ಹಾಗಾಗಿ ಎರಡು ದಿನ ಮಳೆ ಬಿಟ್ಟು ಮತ್ತೆ ತುಂತುರು ಶುರುವಾದರೆ ಕಾಯಬೇಡಿ, ಅದೇ ಹೊತ್ತಿಗೆ ಹೊರಡಿ.

ದಾರಿಯಲ್ಲಿ ಕ್ರೋಕಸ್ ಸಿಕ್ಕಿದರೆ ಬಗ್ಗಿ ನೋಡಿ. ಕೇಸರಿಯ ಬಳಗದ ಹೂವಿದು. ನೆಲದಿಂದ ಒಂದು ಗೇಣೂ ಮೇಲೇಳುವುದಿಲ್ಲ. ತಣ್ಣಗಿದ್ದಾಗ ದಳಗಳನ್ನು ಬಿಗಿಯಾಗಿ ಮಡಚಿಕೊಂಡು, ಮುಚ್ಚಿದ ಕೊಡೆಯ ಹಾಗೆ ನಿಂತಿರುತ್ತದೆ. ಮೋಡ ಸರಿದು ಸ್ವಲ್ಪ ಬೆಚ್ಚಗಾದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಹೋಗುವಾಗ ಮುಚ್ಚಿದ್ದ ಹೂವು ಬರುವಾಗ ಅರಳಿದ್ದನ್ನು ನಾನು ನೋಡಿದ್ದೇನೆ. ಅಷ್ಟು ಹೊತ್ತಿನಲ್ಲಿ ನಾನು ಓದಿದ್ದು ನಲವತ್ತು ಪುಟ.

ಒಳಗೆ ಹೋದ ಮೇಲಿನ ಸುಖವೂ ಬೇರೆಯೇ. ಬಾಗಿಲ ಬಳಿ ಕೊಡೆ ಬಿಟ್ಟು, ನೀರಿಳಿಯುವ ಕೋಟನ್ನು ಕುರ್ಚಿಗೆ ಹಾಕಿ ಕೂತರೆ ಅಕ್ಕಪಕ್ಕದಲ್ಲಿ ಹತ್ತು ಜನ ಸುಮ್ನೆ ಓದುತ್ತಿರುತ್ತಾರೆ. ಯಾರೂ ಮಾತಾಡಿಸುವುದಿಲ್ಲ. ಆದರೂ ಒಬ್ಬಂಟಿ ಅನ್ನಿಸುವುದಿಲ್ಲ. ಎದುರಿನವರು ಪುಟ ತಿರುವುವ ಸದ್ದು ಕೇಳಿ ನಾವೂ ಫೋನ್ ಕೆಳಗಿಡುತ್ತೇವೆ. ಮನೆಯಲ್ಲಿ ಇದು ಕಷ್ಟ, ಅಲ್ವಾ? ಮನೆಯಲ್ಲಿ ಒಗೆದ ಬಟ್ಟೆ ಕರೆಯುತ್ತದೆ, ತೊಳೆಯದ ಪಾತ್ರೆ ಕರೆಯುತ್ತದೆ.

ಇನ್ನು ಹುಡುಕದೇ ಸಿಗುವ ಪುಸ್ತಕಗಳು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ವಿಷಯಕ್ಕೊಂದು ಅಂಕಿ ಕೊಡುವ ದಶಮಾಂಶ ಪದ್ಧತಿಯಿಂದಾಗಿ ಒಂದೇ ವಿಷಯದ ಪುಸ್ತಕಗಳು ಕಪಾಟಿನಲ್ಲಿ ಒಟ್ಟಿಗೆ ನಿಲ್ಲುತ್ತವೆ. ಹಕ್ಕಿಗಳ ಬಗ್ಗೆ ಒಂದು ಪುಸ್ತಕ ಬೇಕೆಂದು 598ರ ಸಾಲಿಗೆ ಹೋದವರಿಗೆ ಅದರ ಪಕ್ಕದಲ್ಲಿ ಗೂಡುಗಳ ಪುಸ್ತಕ, ಮೊಟ್ಟೆಗಳ ಪುಸ್ತಕ ಕಾಣುತ್ತವೆ. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುತ್ತದೆ. ಕಪಾಟಿನ ಮುಂದೆ ಕತ್ತು ಓರೆ ಮಾಡಿ ನಿಂತಾಗ ಆ ಮಾತು ನಿಜವಾಗುವುದನ್ನು ಕಣ್ಣಾರೆ ನೋಡಬಹುದು.

ಊರಲ್ಲಿ ದೊಡ್ಡ ಕೇಂದ್ರ ಲೈಬ್ರರಿಯೂ ಇದೆ, ಹತ್ತಿರ ಸಣ್ಣ ಶಾಖೆಯೂ ಇದೆ ಅಂದರೆ? ಗಟ್ಟಿ ಓದಿಗೆ, ಬೆಳಕಿಗೆ, ಅಪರೂಪದ ಪುಸ್ತಕಕ್ಕೆ ದೊಡ್ಡದು. ವಾರದ ಅಭ್ಯಾಸಕ್ಕೆ ಸಣ್ಣದು. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ ಮಳೆಯಲ್ಲೂ ಹೋಗುತ್ತೇವೆ. ಬಸ್ಸು ಬದಲಿಸಿ ಹೋಗಬೇಕಾದ ಲೈಬ್ರರಿಗೆ ಎಷ್ಟೇ ಚಂದವಿದ್ದರೂ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಸಣ್ಣ ಶಾಖೆಯಲ್ಲಿ ಮಕ್ಕಳ ಗಲಾಟೆ ಇರುತ್ತದೆ, ಒಪ್ಪುತ್ತೇನೆ. ಶಾಲೆ ಬಿಡುವ ಹೊತ್ತು ತಪ್ಪಿಸಿದರೆ ಆಯಿತು.

ಮನೆ ಗೆಲ್ಲುವುದು ಯಾವಾಗ? ಕತ್ತಲಾದ ಮೇಲೆ. ಜಡಿಮಳೆಗೆ ಗಾಳಿಯೂ ಸೇರಿ ಕೊಡೆ ಮಗುಚುವಾಗ. ಮೈಯಲ್ಲಿ ಹುಷಾರಿಲ್ಲದಾಗ. ಮತ್ತೆ, ಈಗಾಗಲೇ ಓದಿದ ಪುಸ್ತಕವನ್ನು ಇನ್ನೊಮ್ಮೆ ಓದುವಾಗ. ಮರು ಓದಿಗೆ ಮಲಗಿಕೊಂಡು, ನಡುವೆ ಒಂದು ಜೊಂಪು ಹತ್ತಿದರೂ ನಡೆಯುತ್ತದೆ. ಅದಕ್ಕೆ ಲೈಬ್ರರಿಯ ನೆಟ್ಟಗಿನ ಕುರ್ಚಿ ತಕ್ಕದ್ದಲ್ಲ. ಮನೆಯಲ್ಲಿ ಓದುವುದೇ ಆದರೆ ಕುರ್ಚಿಯನ್ನು ಕಿಟಕಿಗೆ ಅಡ್ಡವಾಗಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಇಡಿ. ಕಿಟಕಿಗೆ ಬೆನ್ನು ಹಾಕಿದರೆ ನಿಮ್ಮ ನೆರಳೇ ಪುಟದ ಮೇಲೆ ಕೂರುತ್ತದೆ.

ಕೆಫೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏನಾದರೂ ಕೊಳ್ಳದೆ ಅಲ್ಲಿ ಕೂರುವ ಹಾಗಿಲ್ಲ. ಒಂದು ಗಂಟೆ ಕಳೆದರೆ ನಮಗೇ ಸಂಕೋಚ. ಮಳೆ ನಿಲ್ಲುವವರೆಗಿನ ಅರ್ಧ ಗಂಟೆಗೆ ಸರಿ.

ಕಾಗದ, ಇ-ರೀಡರ್, ಕಿವಿ

ಇಲ್ಲಿ ಒಂದೇ ಉತ್ತರ ಇಲ್ಲ. ಏನು ಓದುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಭಾಗವಹಿಸಿದವರು 1,70,000ಕ್ಕೂ ಜಾಸ್ತಿ. ಮಾಹಿತಿ ತುಂಬಿದ ಬರಹವನ್ನು ಕಾಗದದಲ್ಲಿ ಓದಿದವರು ಪರದೆಯಲ್ಲಿ ಓದಿದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಸಮಯದ ಒತ್ತಡ ಇದ್ದಾಗ ಈ ವ್ಯತ್ಯಾಸ ಹೆಚ್ಚಿತು. ಆದರೆ ಬರೀ ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಅನುಭವವೂ ಇದೇ. ಇತಿಹಾಸ, ವಿಜ್ಞಾನದ ಪುಸ್ತಕವಾದರೆ ಕಾಗದ. ಕಾದಂಬರಿಯಾದರೆ ಯಾವುದೂ ಆಗುತ್ತದೆ.

ಇ-ರೀಡರ್ ಅಂದರೆ ಫೋನಿನಂಥ ಪರದೆ ಎಂದು ತಿಳಿಯಬೇಡಿ. ಅದರ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಪ್ರತಿಯೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಕೊಟ್ಟಾಗ ಅಕ್ಷರ ಇರಬೇಕಾದಲ್ಲಿ ಕಪ್ಪು ಮೇಲೆ ಬರುತ್ತದೆ, ಉಳಿದಲ್ಲಿ ಬಿಳಿ. ಪುಟ ಬದಲಾಗುವಾಗ ಮಾತ್ರ ವಿದ್ಯುತ್ ಬೇಕು. ಆದ್ದರಿಂದಲೇ ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಬೆಳಕು ಬೇಕಾಗುವುದೂ ಕಾಗದದ ಹಾಗೇ, ಹೊರಗಿನಿಂದ. ಮುಂಬೆಳಕು, ಅಂದರೆ ಪರದೆಯ ಮೇಲೆ ಬೀಳುವ ಸಣ್ಣ ದೀಪದ ಬೆಳಕು, ಇರುವ ಮಾದರಿಯಾದರೆ ಮಂಕು ದಿನದಲ್ಲಿ ಅದೊಂದು ದೊಡ್ಡ ಅನುಕೂಲ. ಬಸ್ ನಿಲ್ದಾಣದಲ್ಲಿ, ರೈಲಿನಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದಿರುವಾಗ ಇದನ್ನು ಮೀರಿಸುವುದು ಕಷ್ಟ. ಒಂದು ತೊಂದರೆ ಇದೆ. ಮುಟ್ಟುವ ಪರದೆಯ ಮೇಲೆ ಮಳೆಹನಿ ಬಿದ್ದರೆ ಅದು ಬೆರಳೇ ಮುಟ್ಟಿತು ಅಂದುಕೊಂಡು ಪುಟ ತಿರುವಿಬಿಡಬಹುದು. ಪುಟ ತಿರುವಲು ಗುಂಡಿ ಇರುವ ಮಾದರಿ ಸಿಕ್ಕಿದರೆ ಮಳೆಯೂರಿನವರಿಗೆ ಅದೇ ವಾಸಿ.

ಲೈಬ್ರರಿಯಿಂದ ಇ-ಪುಸ್ತಕ ಎರವಲು ಪಡೆಯುವುದಾದರೆ ಕೂಡಲೇ ಸಿಗುತ್ತದೆ ಎಂದು ಎಣಿಸಬೇಡಿ. ಎಷ್ಟೋ ಪ್ರಕಾಶಕರು ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕೊಡಬೇಕು ಎಂಬ ಷರತ್ತು ಹಾಕುತ್ತಾರೆ. ಹಾಗಾಗಿ ಅಲ್ಲೂ ಸರದಿ ಇದೆ. ಹೊಸ ಪುಸ್ತಕಕ್ಕೆ ಕಾಗದದ ಸಾಲಲ್ಲೂ ಇ-ಪುಸ್ತಕದ ಸಾಲಲ್ಲೂ ಹೆಸರು ಬರೆಸಿಡಿ. ಯಾವುದು ಮೊದಲು ಬಂತೋ ಅದನ್ನು ಓದಿ, ಇನ್ನೊಂದನ್ನು ಬಿಟ್ಟುಕೊಡಿ.

ಮಲಗುವ ಮುಂಚಿನ ಓದಿಗೆ ಮಾತ್ರ ನಾನು ಕಾಗದವನ್ನೇ ಹೇಳುತ್ತೇನೆ. ಹೊಳೆಯುವ ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ತರುವ ಮೆಲಟೋನಿನ್ ಏಳುವುದು ತಡವಾಗುತ್ತದೆ ಎಂದು 2014ರ ಒಂದು ಪ್ರಯೋಗದಲ್ಲಿ ಕಂಡಿದೆ. ಅದರಲ್ಲಿ ಇದ್ದವರು 12 ಜನ ಮಾತ್ರ, ಆದ್ದರಿಂದ ಅದನ್ನೇ ಕೊನೆಯ ಮಾತು ಅನ್ನಲಾರೆ. ಆದರೆ ಮಳೆಯ ರಾತ್ರಿ ಮಂದ ದೀಪದಡಿ ಕಾಗದದ ಪುಟ ಓದುತ್ತಾ ನಿದ್ದೆಗೆ ಜಾರುವ ಸುಖಕ್ಕೆ ಪ್ರಯೋಗದ ಸಾಕ್ಷಿ ಬೇಕಾಗಿಲ್ಲ.

ಆಡಿಯೋ ಪುಸ್ತಕ ಹೊಸದಲ್ಲ. ಕಣ್ಣು ಕಾಣದವರಿಗಾಗಿ ಅಮೆರಿಕದಲ್ಲಿ 1930ರ ದಶಕದಲ್ಲೇ ಗ್ರಾಮಫೋನ್ ತಟ್ಟೆಗಳ ಮೇಲೆ ಪುಸ್ತಕ ಓದಿ ಮುದ್ರಿಸುತ್ತಿದ್ದರು. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು 15 ನಿಮಿಷದ ಓದು. ಒಂದು ಕಾದಂಬರಿಗೆ ತಟ್ಟೆಗಳ ಕಟ್ಟೇ ಬೇಕಾಗುತ್ತಿತ್ತು. ಇವತ್ತು ಅದೆಲ್ಲ ಜೇಬಿನಲ್ಲಿ ಹಿಡಿಯುತ್ತದೆ. ನಡೆಯುವಾಗ, ಮನೆಗೆಲಸ ಮಾಡುವಾಗ ಇದು ತುಂಬಾ ಒಳ್ಳೆಯದು. ಆತ್ಮಕಥೆಗಳಿಗೆ, ಅದರಲ್ಲೂ ಬರೆದವರೇ ಓದಿದ್ದರೆ, ಕಾಗದಕ್ಕಿಂತಲೂ ಮೇಲು. ಆದರೆ ಈ ಐದಾರು ವಾರ ಮಾತ್ರ ದಾರಿಯಲ್ಲಿ ಕಿವಿ ಖಾಲಿ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಮಳೆ ನಿಂತ ಕೂಡಲೇ ಹಕ್ಕಿಗಳು ಹಾಡಲು ಶುರು ಮಾಡುತ್ತವೆ. ಚಳಿಗಾಲ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದ ಹಕ್ಕಿಗಳು ಅವು. ಆಡಿಯೋ ಪುಸ್ತಕ ಬೇಸಿಗೆಯಲ್ಲೂ ಕೇಳಬಹುದು. ರಸ್ತೆ ದಾಟುವಾಗಂತೂ ಒಂದು ಕಿವಿಯಾದರೂ ತೆರೆದಿರಲಿ. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು.

ಪುಸ್ತಕ ನೆನೆದರೆ

ಕಾಗದ ಆರಿಸಿದವರು ಇದನ್ನು ತಿಳಿದಿರಲೇಬೇಕು. ಒಂದು ಮಾರ್ಚ್‌ನಲ್ಲಿ ಲೈಬ್ರರಿಯಿಂದ ತಂದ ಚಿತ್ರಗಳ ಪುಸ್ತಕವನ್ನು ನಾನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದೆ. ಮನೆಗೆ ಬರುವಷ್ಟರಲ್ಲಿ ಕೆಳಗಿನ ಮೂಲೆ ತೊಪ್ಪೆಯಾಗಿತ್ತು. ಮುಚ್ಚಿದ ಹಾಗೇ ಹೀಟರ್ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ನುಣುಪು ಕಾಗದದ ಹತ್ತು ಹನ್ನೆರಡು ಹಾಳೆ ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಬಿಡಿಸಲು ಹೋದರೆ ಒಂದು ಪುಟದ ಅಕ್ಷರ ಇನ್ನೊಂದು ಪುಟಕ್ಕೆ ಕಿತ್ತು ಬಂತು. ದುಡ್ಡು ಕಟ್ಟಿ ಹೊಸ ಪ್ರತಿ ಕೊಡಿಸಿದೆ. ಆದರೂ ಆ ಪುಸ್ತಕ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನುಣುಪು ಕಾಗದಕ್ಕೆ ಹಚ್ಚಿದ ಲೇಪ ನೀರು ತಾಕಿದರೆ ಅಂಟಾಗುತ್ತದೆ, ಒಣಗಿದ ಮೇಲೆ ಬಿಡುವುದಿಲ್ಲ. ಅಂಥ ಪುಸ್ತಕ ಒದ್ದೆಯಾದರೆ ಒಣಗುವ ಮೊದಲೇ ಹಾಳೆಗಳ ನಡುವೆ ಎಣ್ಣೆ ಕಾಗದ ಇಡಬೇಕು. ಸಾದಾ ಕಾಗದದ ಪುಸ್ತಕವಾದರೆ ಕೆಲವು ಪುಟಕ್ಕೊಂದು ಹೀರುವ ಕಾಗದ ಇಟ್ಟು, ಆಗಾಗ ಬದಲಿಸುತ್ತಾ, ಬೀಸಣಿಗೆಯ ತಣ್ಣನೆ ಗಾಳಿಗೆ ಒಣಗಿಸಿ. ಬಿಸಿ ಬೇಡ. ಬಿಸಿಗೆ ರಟ್ಟು ಸೊಟ್ಟಗಾಗುತ್ತದೆ. ಒದ್ದೆ ಹಾಗೇ ಉಳಿದರೆ 48ರಿಂದ 72 ಗಂಟೆಯೊಳಗೆ ಬೂಷ್ಟು ಹಿಡಿಯಬಹುದು. ಅಷ್ಟರಲ್ಲಿ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡಿ. ಕೇಳಲು ವಿಚಿತ್ರ ಅನ್ನಿಸಿದರೂ ದೊಡ್ಡ ಲೈಬ್ರರಿಗಳು ಮಾಡುವುದೂ ಇದನ್ನೇ. ಹೆಪ್ಪುಗಟ್ಟಿದರೆ ಬೂಷ್ಟು ಬೆಳೆಯುವುದಿಲ್ಲ, ಯೋಚಿಸಲು ಸಮಯ ಸಿಗುತ್ತದೆ. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಇಟಲಿಯ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ಆಗ ಕೆಸರಿನಿಂದ ಪುಸ್ತಕಗಳನ್ನು ಎತ್ತಿ ತೊಳೆದು ಒಣಗಿಸಲು ಹಲವು ದೇಶಗಳಿಂದ ಜನ ಬಂದರು. ಒದ್ದೆ ಪುಸ್ತಕ ಉಳಿಸುವ ವಿದ್ಯೆ ಅಲ್ಲಿಂದಾಚೆಗೆ ಬಹಳ ಬೆಳೆಯಿತು.

ಎರವಲು ತಂದ ಪುಸ್ತಕವಾದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಮರೆಮಾಚಲೂ ಬೇಡಿ. ಅದೇ ದಿನ ಲೈಬ್ರರಿಯವರಿಗೆ ತಿಳಿಸಿ. ಇದೆಲ್ಲಕ್ಕಿಂತ ಸುಲಭದ್ದು, ಚೀಲದೊಳಗೆ ಯಾವಾಗಲೂ ಒಂದು ಗಟ್ಟಿ ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳುವುದು.

ಯಾವ ಪುಸ್ತಕ?

ದಪ್ಪ ಕಾದಂಬರಿ ಚಳಿಗಾಲಕ್ಕೆ ಚೆನ್ನ. ಈಗ ಮಳೆ ನಿಂತಾಗೆಲ್ಲ ಮನಸ್ಸು ಹೊರಗೆ ಎಳೆಯುತ್ತದೆ. ಆದ್ದರಿಂದ ಸಣ್ಣ ಕಥೆ, ಪ್ರಬಂಧ, ಕವಿತೆ ನನ್ನ ಆಯ್ಕೆ. ಒಂದು ಜಡಿ ಬಿದ್ದು ನಿಲ್ಲುವಷ್ಟರಲ್ಲಿ ಒಂದು ಮುಗಿಯಬೇಕು.

ಅವುಗಳ ಜೊತೆ ನಿಮ್ಮೂರಿನ ಮರಗಳನ್ನು ಗುರುತಿಸುವ ಕೈಪಿಡಿಯೊಂದನ್ನು ಖಂಡಿತ ತನ್ನಿ. ಫೋನಿನ ಆಪ್‌ಗೆ ಎಲೆಯೋ ಹೂವೋ ಸಿಕ್ಕಿದರೆ ಹೆಸರು ಹೇಳುತ್ತದೆ. ಬೋಳು ಕೊಂಬೆ ತೋರಿಸಿದರೆ ಬಹಳ ಸಲ ತಡಬಡಾಯಿಸುತ್ತದೆ. ಮೊಗ್ಗುಗಳ ಚಿತ್ರ ಇರುವ ಕಾಗದದ ಕೈಪಿಡಿ ಈ ಕಾಲಕ್ಕೇ ಮಾಡಿಸಿದ್ದು. ಯುರೋಪಿನ ಆ್ಯಶ್ ಮರದ ಮೊಗ್ಗು ಮಸಿಯಂತೆ ಕಪ್ಪು. ಬೀಚ್ ಮರದ್ದು ಉದ್ದಕ್ಕೆ, ಚೂಪಾಗಿ, ಕಂದು ಬಣ್ಣಕ್ಕಿರುತ್ತದೆ. ಹಾರ್ಸ್ ಚೆಸ್ಟ್‌ನಟ್ ಮೊಗ್ಗನ್ನು ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಮಳೆ ಹನಿ ಅದರ ಮೇಲೆ ನಿಲ್ಲದೆ ಜಾರಿ ಬೀಳುವುದನ್ನು ನೋಡುತ್ತಾ ನಾನು ಬಸ್ಸನ್ನೇ ತಪ್ಪಿಸಿಕೊಂಡಿದ್ದೇನೆ.

ಕೊಳ್ಳುವುದಾ, ಎರವಲು ತರುವುದಾ ಅಂದರೆ ಕೈಪಿಡಿಯನ್ನು ಮುಂದೆ ಒಂದು ದಿನ ಕೊಳ್ಳಿ. ಉಳಿದವನ್ನು ಎರವಲು ತನ್ನಿ. ಎರವಲಿಗೆ ಗಡುವಿದೆ, ಅದು ಒಳ್ಳೆಯದೇ. ಮಾರ್ಚ್ ಮೊದಲ ವಾರ ತಂದ ಪುಸ್ತಕವನ್ನು ಮೂರು ವಾರ ಬಿಟ್ಟು ಹಿಂದಿರುಗಿಸಲು ಹೋದಾಗ ಹಗಲು 80 ನಿಮಿಷದಷ್ಟು ಹೆಚ್ಚಿರುತ್ತದೆ. ಆ ದಿನ ಅದೇ ಕುರ್ಚಿ ಹುಡುಕಿ ಕೂರಿ. ಹೋದ ಸಲ ಮೇಜುದೀಪ ಹಾಕಿದ ಹೊತ್ತಿಗೆ ಈ ಸಲ ಕಿಟಕಿಯ ಬೆಳಕೇ ಪುಟದ ಮೇಲೆ ಇನ್ನೂ ಇರುತ್ತದೆ.